ಎರಿ ಬಾಯಿ ಬಿಟ್ಟಾಗ

ಚಿ. ಸೌ. ಶೈಲಾಳಿಗೆ,

ಮೊನ್ನೆ ನೀನು ಫೋನಿನಲ್ಲಿ ಹಿತ್ತಲಿನ ವಿಚಾರ ತೆಗೆದಾಗ ನಾನು ಬರೀ ಹೂಂ ಹೂಂ ಅಂದೆ. ನಿಮ್ಮ ಚಿಗವ್ವ ಪಕ್ಕದಲ್ಲಿ ಕೂತು, ಏನಾದರೂ ಹೇಳ್ರಿ ಎಂದು ಕಣ್ಸನ್ನೆ ಮಾಡುತ್ತಲೇ ಇದ್ದಳು. ಆ ಯಂತ್ರ ಕಿವಿಗೆ ಹಚ್ಚಿಕೊಂಡರೆ ನನಗೆ ಮಾತು ಹರಿಯುವುದಿಲ್ಲ. ಅದಕ್ಕೇ ಈ ಕಾಗದ. ಉದ್ದವಾದೀತು, ಮಗು ಮಲಗಿದ ಮೇಲೆ ಸಾವಕಾಶ ಓದು.

ಹಿತ್ತಲಿನ ಕರಿ ಎರಿ ಮಣ್ಣನ್ನು ಒಂದಡಿ ಆಳ ತೆಗೆಸಿ ಒಗೆದು, ಧಾರವಾಡದ ಕಡೆಯಿಂದ ಕೆಂಪು ಮಣ್ಣು ತರಿಸಿ ತುಂಬಿದರೆ ಮಾತ್ರ ಕಾಯಿಪಲ್ಲೆ ಬೆಳೆದಾವು ಎಂದು ಮನೆ ಕಟ್ಟಿದವರು ಹೇಳಿದರಂತೆ. ಎಷ್ಟು ಟಿಪ್ಪರ್, ಎಷ್ಟು ರೊಕ್ಕ ಎಂಬ ಲೆಕ್ಕವನ್ನೂ ಕೊಟ್ಟರಂತೆ. ಅವರನ್ನು ನಾನು ದೂರುವುದಿಲ್ಲ. ಮನೆ ಕಟ್ಟುವವರಿಗೆ ಎರಿ ಎಂದರೆ ಪಾಯ ಅಲುಗಿಸುವ ಮಣ್ಣು, ಗೋಡೆ ಸೀಳುವ ಮಣ್ಣು. ಆದರೆ ನೀನು ಇದೇ ಎರಿಯಲ್ಲಿ ಬೆಳೆದ ಜೋಳದ ರೊಟ್ಟಿ ತಿಂದು ದೊಡ್ಡವಳಾದವಳು. ನೀನೂ ‘ಕಾಕಾ, ಇದು ಮಣ್ಣಲ್ಲ, ಬರೇ ಕಲ್ಲು’ ಎಂದಾಗ ಮೊದಲು ನಗು ಬಂತು, ಆಮೇಲೆ ಸಂಕಟವಾಯಿತು. ಊರು ಬಿಟ್ಟು ಕಲಿಯಲು ಹೋದ ಮಕ್ಕಳಿಗೆ ನಾವು ಹೊಲದ ಸುದ್ದಿ ಹೇಳುವುದನ್ನೇ ಬಿಟ್ಟೆವಲ್ಲ, ಅದರ ಫಲ ಇದು.

ನಿಮ್ಮ ಅಜ್ಜ ಬೇಸಿಗೆಯಲ್ಲಿ ಹೊಲಕ್ಕೆ ಹೋಗುವಾಗ ಕೈಯಲ್ಲೊಂದು ಬಾರುಕೋಲು ಹಿಡಿದೇ ಹೋಗುತ್ತಿದ್ದರು. ಬಿರುಕಿನಲ್ಲಿ ಅದನ್ನು ಇಳಿಬಿಟ್ಟು, ಎಷ್ಟು ಒಳಗೆ ಹೋಯಿತೆಂದು ನೋಡುವುದು ಅವರ ಚಾಳಿ. ಮೊಣಕಾಲಿನವರೆಗೆ ಹೋದರೆ ಅವರಿಗೆ ಖುಷಿ. ‘ಭೂಮಿ ಚಲೋ ಬಾಯಿ ಬಿಟ್ಟೈತಿ’ ಅನ್ನುತ್ತಿದ್ದರು. ಆಕಳ ಕರುವಿನ ಕಾಲು ಸಿಕ್ಕೀತೆಂದು ನಾವು ಹುಡುಗರು ಹೆದರುತ್ತಿದ್ದರೆ, ಈ ಮನುಷ್ಯನಿಗೆ ಬಿರುಕು ನೋಡಿ ಯಾಕೆ ಸಂತೋಷ ಎಂದು ಆಗ ತಿಳಿದಿರಲಿಲ್ಲ. ಮಳೆಗಾಲದಲ್ಲಿ ಅದೇ ಹೊಲಕ್ಕೆ ಕಾಲಿಟ್ಟರೆ ಹೆಜ್ಜೆಗೊಂದು ಸೇರು ಮಣ್ಣು ಅಂಗಾಲಿಗೆ ಮೆತ್ತಿ, ಹತ್ತು ಮಾರು ನಡೆಯುವಷ್ಟರಲ್ಲಿ ಕಾಲು ಎತ್ತಲಾಗುತ್ತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾತ್ರ ಅದರಷ್ಟು ಒಳ್ಳೆಯ ಮಣ್ಣಿಲ್ಲ. ಕೊಂಬು ಎಷ್ಟು ತೆಳ್ಳಗೆ ತೀಡಿದರೂ ಮುರಿಯದು. ನೀನು ಮಾಡಿದ ಒಂದು ಎತ್ತಿಗೆ ಮೂರೇ ಕಾಲು ಇದ್ದವು. ನಾಲ್ಕನೆಯದು ಮೇಯಲು ಹೋಗಿದೆ ಎಂದಿದ್ದೆ.

ಕಾಲಿಗೆ ಮೆತ್ತುವ ಆ ಅಂಟಿನಲ್ಲೇ ಎಲ್ಲ ಗುಟ್ಟೂ ಇದೆ. ಎರಿ ಮಣ್ಣಿನಲ್ಲಿ ಅರ್ಧದಷ್ಟು, ಕೆಲವು ಕಡೆ ಅರ್ಧಕ್ಕೂ ಮಿಕ್ಕಿ, ಬರೀ ಜೇಡಿಯ ಕಣ. ಆ ಜೇಡಿಯೂ ಮಾಂಟ್‌ಮೊರಿಲೊನೈಟ್ ಜಾತಿಯದು. ತೆಳ್ಳನೆಯ ಹಾಳೆಗಳು ಒಂದರ ಮೇಲೊಂದು, ನಡುವೆ ನೀರು ಹೊಕ್ಕಿತೆಂದರೆ ಹಾಳೆ ಹಾಳೆ ದೂರ ಸರಿದು ಇಡೀ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಸೀಳುತ್ತದೆ. ನಿಮ್ಮ ಓಣಿಯ ಕಂಪೌಂಡ್ ಗೋಡೆಗಳು ಓರೆಯಾಗಿ ಬಿರಿದಿರುವುದು ಇದರಿಂದಲೇ. (ನೆನಪಾಗುವಾಗಲೇ ಹೇಳಿಬಿಡುತ್ತೇನೆ: ಮನೆಯ ಗೋಡೆಗೆ ಹತ್ತಿಸಿ ಮಡಿ ಮಾಡಬೇಡ. ಐದಾರು ಅಡಿ ದೂರ ಬಿಡು. ಎರಿಯ ಮೇಲೆ ಕಟ್ಟಿದ ಮನೆಯ ಒಂದು ಮಗ್ಗುಲಿಗೆ ದಿನಾ ನೀರು ಬಿಡುವುದು ಪಾಯಕ್ಕೆ ಒಳ್ಳೆಯದಲ್ಲ. ನಿನ್ನ ಗಂಡನಿಗೂ ಹೇಳು, ಅವನು ಪೈಪ್ ಹಿಡಿದರೆ ಬಿಡುವವನಲ್ಲ.)

ಬಿರುಕು ಬಿಡುವ ಈ ಗುಣದಿಂದ ಎರಿ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಇಂಚು ಪುಡಿಪುಡಿಯಾಗುತ್ತದೆ. ಆ ಪುಡಿ, ಒಣ ಎಲೆ, ಕಸ, ಎಲ್ಲ ಗಾಳಿಗೆ ಸರಿದು ಬಿರುಕಿಗೆ ಬೀಳುತ್ತವೆ. ಮಳೆ ಬಂದಾಗ ಕೆಳಗಿನ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ; ಬಿದ್ದದ್ದು ಒಳಗೇ ಉಳಿಯಿತು. ವರುಷ ವರುಷವೂ ಹೀಗೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಅಜ್ಜ ಕೋಲು ಇಳಿಬಿಟ್ಟು ನಗುತ್ತಿದ್ದದ್ದು ಯಾಕೆಂದು ನಾನು ಕೃಷಿ ಇಲಾಖೆಯಲ್ಲಿ ಸಹಾಯಕನಾಗಿ ಸೇರಿ, ತರಬೇತಿಯಲ್ಲಿ ಇದನ್ನು ಓದಿದ ಮೇಲೆ ಅರ್ಥವಾಯಿತು. ನೀನು ಯಾವುದನ್ನು ಕೇಡು ಎಂದು ತಿಳಿದು ಮುಚ್ಚಿಸಲು ಹೊರಟಿದ್ದೀಯೋ ಅದು ನಿನಗೆ ಕೂಲಿ ಕೇಳದೆ ದುಡಿಯುವ ಆಳು.

ಈಗ ಕೆಂಪು ಮಣ್ಣಿನ ಮಾತು. ಒಂದಡಿ ಎರಿ ತೆಗೆದು ಕೆಂಪು ಮಣ್ಣು ತುಂಬಿದರೆ ಕೆಳಗೂ ಸುತ್ತಲೂ ಉಳಿಯುವುದು ಎರಿಯೇ ತಾನೆ? ನೆಲ ಒಮ್ಮೆ ನೆನೆದು ಬಿರುಕು ಮುಚ್ಚಿತೆಂದರೆ ಎರಿಯಲ್ಲಿ ನೀರು ಇಳಿಯುವುದು ಬಲು ನಿಧಾನ. ಆಗ ಕೆಂಪು ಮಣ್ಣು ತುಂಬಿದ ಗುಂಡಿ ತೊಟ್ಟಿಯಾಗುತ್ತದೆ. ಮಳೆ ನೀರೆಲ್ಲ ಅದರೊಳಗೆ ನಿಂತು ಬೇರು ಕೊಳೆಯುತ್ತದೆ. ಹೊಸ ಬಡಾವಣೆಗಳಲ್ಲಿ ಗುಂಡಿ ತೋಡಿ ಕೆಂಪು ಮಣ್ಣು ತುಂಬಿ ನೆಟ್ಟ ಲಿಂಬೆ, ದಾಸವಾಳ ಶ್ರಾವಣದಲ್ಲಿ ಹಳದಿಯಾಗಿ ಸಾಯುವುದನ್ನು ಕಂಡಿದ್ದೇನೆ.

ಉಸುಕು ಬೆರೆಸಿದರೆ ಹೇಗೆ ಎಂದೂ ಕೇಳಿದೆ. ನಾಲ್ಕು ಬುಟ್ಟಿ ಉಸುಕಿನಿಂದ ಏನೂ ಆಗದು. ಜೇಡಿ ಆ ಕಾಳುಗಳನ್ನು ನುಂಗಿ, ಒಣಗಿದಾಗ ಇನ್ನಷ್ಟು ಬಿರುಸಾಗುತ್ತದೆ. ನಿಜವಾದ ಫರಕು ಕಾಣಬೇಕಾದರೆ ಮಣ್ಣಿನ ಅರ್ಧಕ್ಕೂ ಮೇಲೆ ಉಸುಕೇ ಬೇಕು, ಆಗ ಅದನ್ನು ಎರಿ ಎನ್ನುವವರು ಯಾರು? ಹಾಗಂತ ಉಸುಕು ದಡ್ಡ ವಿಚಾರವೂ ಅಲ್ಲ. ಗದಗ, ಕೊಪ್ಪಳದ ಕಡೆ ಎರಿ ಹೊಲಗಳ ಮೇಲೆ ಹಳ್ಳದ ಉಸುಕನ್ನು ಹೊದಿಕೆಯಾಗಿ ಹರಡುವ ರೈತರಿದ್ದಾರೆ. ಬೆರೆಸುವುದಿಲ್ಲ, ಮೇಲೆ ಹಾಸುತ್ತಾರೆ. ಬಿದ್ದ ಮಳೆ ಹರಿದುಹೋಗದೆ ಇಂಗುತ್ತದೆ, ತೇವ ಬೇಗ ಆರುವುದಿಲ್ಲ. ಅವರ ಬುದ್ಧಿ ದೊಡ್ಡದು. ಆದರೆ ನಿನ್ನ ಹಿತ್ತಲಿಗೆ ಅದು ಬೇಡ, ಉಸುಕಿನ ಬೆಲೆಯೂ ನಿನಗೆ ಗೊತ್ತಿದೆ.

ನಿನಗೆ ಬೇಕಾದದ್ದು ಕಳಿತ ಗೊಬ್ಬರ. ಚಲೋ ಕಳಿತ, ಗುರುತು ಸಿಗದಷ್ಟು ಕಳಿತ ತಿಪ್ಪಿ ಗೊಬ್ಬರ.

ಗೊಬ್ಬರವೆಂದರೆ ಗಿಡದ ಊಟ ಎಂದು ಎಲ್ಲರೂ ತಿಳಿಯುತ್ತಾರೆ. ಕೊಟ್ಟಿಗೆ ಗೊಬ್ಬರದ ಒಂದು ಕ್ವಿಂಟಲ್‌ನಲ್ಲಿ ಸಾರಜನಕ ಇರುವುದು ಅರ್ಧ ಕಿಲೋದ ಆಸುಪಾಸು. ಅದರಲ್ಲೂ ಮೊದಲ ವರುಷ ಗಿಡಕ್ಕೆ ಸಿಗುವುದು ಒಂದು ಪಾಲು ಮಾತ್ರ. ಬರೀ ಊಟಕ್ಕಾದರೆ ಕೆಲವು ಹಿಡಿ ಯೂರಿಯಾ ಸಾಕಿತ್ತು. ಎರಿಯಲ್ಲಿ ಪೊಟ್ಯಾಶ್, ಸುಣ್ಣದ ಅಂಶ ಮೊದಲೇ ಧಾರಾಳ ಇವೆ. ಇಲ್ಲದಿರುವುದು ಸಂದು. ಕಣ ಕಣಕ್ಕೆ ಅಂಟಿ ಕೂತ ಮಣ್ಣಿನಲ್ಲಿ ಗಾಳಿ ಆಡುವುದಿಲ್ಲ, ಬೇರಿಗೆ ದಾರಿ ಇಲ್ಲ. ನೀರು ಬೇಕಾದಷ್ಟು ಇದ್ದರೂ ಜೇಡಿ ಅದರಲ್ಲೊಂದು ಪಾಲನ್ನು ಬಿಗಿಹಿಡಿದು ಗಿಡಕ್ಕೆ ಬಿಡುವುದಿಲ್ಲ. ಕಳಿತ ಗೊಬ್ಬರ ಬಿದ್ದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹೆಚ್ಚುತ್ತವೆ. ಅವು ಬಿಡುವ ಗೋಂದಿನಂಥ ರಸ, ಬೂಷ್ಟಿನ ಎಳೆ, ಎರೆಹುಳದ ಹಿಕ್ಕೆ, ಇವೆಲ್ಲ ಸೇರಿ ಜೇಡಿಯ ಕಣಗಳನ್ನು ಸಣ್ಣ ಸಣ್ಣ ಕಾಳುಗಳಾಗಿ ಕಟ್ಟುತ್ತವೆ. ಕಾಳು ಕಾಳಿನ ನಡುವೆ ಸಂದಾಯಿತು. ಮಳೆ ಇಳಿಯಿತು, ಗಾಳಿ ಆಡಿತು, ಮೆಂತೆಯ ಬೇರು ಸಲೀಸಾಗಿ ಹೋಯಿತು. ಅಂಗೈಯಲ್ಲಿ ಹಿಡಿದರೆ ಅಂಥ ಮಣ್ಣು ಸಜ್ಜಕದ ರವೆಯಂತೆ ಉದುರಾಗಿರುತ್ತದೆ.

ಅಜ್ಜನ ಕಾಲದ ತಿಪ್ಪಿ ನಿನಗೆ ನೆನಪಿರಲಿಕ್ಕಿಲ್ಲ. ದನದ ಹೆಂಡಿ, ಮೇದು ಬಿಟ್ಟ ಕಣಕಿ, ಒಲೆಯ ಬೂದಿ, ಅಂಗಳದ ಕಸ, ಎಲ್ಲ ಬೆಳಗಾದರೆ ಅಲ್ಲಿಗೆ. ದೀಪಾವಳಿಯಲ್ಲಿ ಅವ್ವ ಹೆಂಡಿಯ ಪಾಂಡವರನ್ನು ಮಾಡಿ, ಹೂವು ಸಿಗಿಸಿ ಪೂಜಿಸಿ, ತಿಪ್ಪಿಗೂ ಒಂದು ದೀಪ ಇಡುತ್ತಿದ್ದಳು. ಉಗಾದಿ ದಾಟಿದ ಮೇಲೆ ಚಕ್ಕಡಿ ಹೂಡಿ ಹೊಲಕ್ಕೆ ಸಾಗಿಸುವ ಸಂಭ್ರಮ. ಕುರಿಯವರು ಬಂದರೆ ಅವರಿಗೆ ಕಾಳು ಕಡಿ ಕೊಟ್ಟು ರಾತ್ರಿ ಹೊಲದಲ್ಲಿ ಕುರಿ ತರುಬಿಸುವುದೂ ಇತ್ತು. ತಪ್ಪೂ ಇದ್ದವು, ಸುಳ್ಳೇಕೆ ಹೇಳಲಿ? ತಿಪ್ಪಿ ಬಟ್ಟಬಯಲಲ್ಲಿ, ಬಿಸಿಲಿಗೆ ಒಣಗಿ ಮಳೆಗೆ ತೊಳೆದುಹೋಗಿ, ಸಾರ ಅರ್ಧ ಅಲ್ಲೇ ಕಳೆಯುತ್ತಿತ್ತು. ಹೊಲಕ್ಕೆ ಒಯ್ದ ಗೊಬ್ಬರವನ್ನು ಗುಂಪಿ ಗುಂಪಿಯಾಗಿ ಸುರಿದು ವಾರಗಟ್ಟಲೆ ಬಿಸಿಲಿಗೆ ಬಿಡುತ್ತಿದ್ದರು. ಅದು ನಮ್ಮ ಕಡೆಯ ದೊಡ್ಡ ಸೋರಿಕೆ, ಈಗಲೂ ನಿಂತಿಲ್ಲ.

ಈ ಸೋರಿಕೆಗೆ ಮದ್ದೂ ಉಂಟು. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಪಂಡಿತ ಇಂದೂರಿನಲ್ಲಿ 1924ರಿಂದ 1931ರವರೆಗೆ ಗೊಬ್ಬರದ ಧ್ಯಾನ ಮಾಡಿದ. ಅವನ ಸಂಸ್ಥೆ ಇದ್ದದ್ದೂ ಮಾಳವದ ಕರಿ ನೆಲದ ಮೇಲೆ, ನಮ್ಮ ಎರಿಯ ಬಳಗದ ಮಣ್ಣು. ಕಸ, ಹೆಂಡಿ, ಗಂಜಲದ ಮಣ್ಣು ಪದರ ಪದರವಾಗಿ ಹಾಕಿ, ತೇವ ಕಾಯ್ದು, ಆಗಾಗ ತಿರುವಿ ಹಾಕಿದರೆ ಮೂರು ತಿಂಗಳಲ್ಲಿ ಗೊಬ್ಬರ ಎಂದು ತೋರಿಸಿದ. ಬೇಸಿಗೆಯಲ್ಲಿ ಗುಂಡಿ, ಮಳೆಗಾಲದಲ್ಲಿ ನೆಲದ ಮೇಲೆ ರಾಶಿ. ಎರಿಯ ಗುಂಡಿಯಲ್ಲಿ ಮಳೆ ನೀರು ನಿಲ್ಲುತ್ತದೆಂದು ಅವನಿಗೂ ಗೊತ್ತಿತ್ತು. ಆಮೇಲೆ 1939ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಿ. ಎನ್. ಆಚಾರ್ಯ ಎಂಬುವರು ತಿರುವಿ ಹಾಕುವ ಕಾಟವೇ ಇಲ್ಲದ ಪದ್ಧತಿ ಕಂಡುಹಿಡಿದರು. ಪದರ ಹಾಕಿ, ಮೇಲೆ ಮಣ್ಣಿನಿಂದ ಮೆತ್ತಿ ಮುಚ್ಚಿ ಆರೆಂಟು ತಿಂಗಳು ಬಿಟ್ಟುಬಿಡುವುದು. ಅದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು. ನಿನ್ನಂಥ ನೌಕರಿಯವಳಿಗೆ ಇದೇ ವಾಸಿ. ಬರುವ ದೀಪಾವಳಿಗೆ ಹಿತ್ತಲಿನ ಮೂಲೆಯಲ್ಲಿ ಅಡುಗೆಮನೆಯ ಕಸ, ಒಣ ಎಲೆ, ಕೊಂಡು ತಂದ ಹೆಂಡಿ ಹಾಕಿ ಮೆತ್ತಿದರೆ ಮುಂದಿನ ರೋಹಿಣಿ ಮಳೆಗೆ ತಯಾರು.

ಈ ವರುಷಕ್ಕಂತೂ ಕೊಳ್ಳಲೇಬೇಕು. ಕೊಳ್ಳುವಾಗ ಜೋಪಾನ. ಎಮ್ಮೆ ಸಾಕಿದವರ ಕಡೆ ಕೇಳಿದರೆ ಹಸಿ ಹೆಂಡಿಗೆ ಮೇಲೊಂದಿಷ್ಟು ಒಣ ಪುಡಿ ಉದುರಿಸಿ ಕೊಡುವವರೂ ಉಂಟು. ಹಿಂದಿನ ವರುಷದ್ದೇ ಬೇಕು ಎಂದು ಹೇಳು. ಕೈ ಹಾಕಿ ನೋಡು, ಒಳಗೆ ಬಿಸಿ ಇರಬಾರದು. ಮೂಸಿ ನೋಡು, ಗಂಜಲದ ಘಾಟು ಮೂಗಿಗೆ ಹೊಡೆದರೆ ಬೇಡ. ಕಣಕಿ ಕಣಕಿಯಾಗಿ, ಹೊಟ್ಟು ಹೊಟ್ಟಾಗಿ ಕಾಣುತ್ತಿದ್ದರೆ ಅದು ಇನ್ನೂ ಕಳಿಯಬೇಕು. ಅನುಮಾನ ಬಂದರೆ ಒಂದು ಪಾವಷ್ಟು ತಂದು ತಟ್ಟೆಯಲ್ಲಿ ಹಾಕಿ ಮೆಂತೆ ಬಿತ್ತು. ನಾಲ್ಕಾರು ದಿನದಲ್ಲಿ ಎಲ್ಲ ಕಾಳೂ ಒಂದೇ ಸಮ ಮೊಳೆತರೆ ನಿಶ್ಚಿಂತೆಯಿಂದ ಕೊಳ್ಳು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿವೃತ್ತನಾದ ಹೊಸತರಲ್ಲಿ ನನಗೂ ಹಿತ್ತಲಿನ ಹುರುಪು ಬಂದು, ಅವಸರಕ್ಕೆ ಅರೆಗಳಿತ ಹೆಂಡಿಯನ್ನೇ ಮುಳಗಾಯಿ ಮಡಿಗೆ ಹಾಕಿದೆ. ಅದರೊಡನೆ ಗೊಣ್ಣೆಹುಳ ಬಂದವು, ಬೇರು ಕಡಿದವು. ಜೇಕು, ಕಾಂಗ್ರೆಸ್ ಕಸದ ಬೀಜವೂ ಅದರಲ್ಲೇ ಬಂದಿರಬೇಕು. ಜೇಕಿನ ಗಡ್ಡೆ ಇವತ್ತಿಗೂ ಕಿತ್ತು ಮುಗಿದಿಲ್ಲ. ಊರಿಗೆಲ್ಲ ಕಳಿತ ಗೊಬ್ಬರ ಹಾಕ್ರಿ ಎಂದು ಹೇಳುತ್ತ ತಿರುಗಿದವನು ನಾನು. ಚಿಗವ್ವ ನಕ್ಕಳು, ಅಷ್ಟೇ. ರಾಶಿ ಸರಿಯಾಗಿ ಕಾದು, ಒಳಗೆ 55–60 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕೆಲವು ದಿನ ಹಾಗೇ ನಿಂತರೆ ಕಸದ ಬೀಜ ಬಹುತೇಕ ಸಾಯುತ್ತವೆ. ಅರೆಗಳಿತದ್ದರಲ್ಲಿ ಅದು ಆಗಿರುವುದಿಲ್ಲ. ಹಸಿ ಕಣಕಿ ಹೊಟ್ಟು ಮಣ್ಣಿಗೆ ಸೇರಿದರೆ ಇನ್ನೊಂದು ಉಪದ್ರವ. ಅದನ್ನು ಕಳಿಸುವ ಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಂಡು ಗಿಡವನ್ನು ಉಪವಾಸ ಕೆಡವುತ್ತವೆ.

ಹಾಕುವ ಕ್ರಮ ಹೇಳುತ್ತೇನೆ. ಈಗ ಬಿರುಕು ಬಾಯಿ ತೆರೆದು ನಿಂತಿವೆಯಲ್ಲ, ಇದೇ ಹೊತ್ತು. ಮುಚ್ಚಿಸಬೇಡ, ನೀರು ಹಾಕಿ ಮೆತ್ತಗೆ ಮಾಡಲೂ ಹೋಗಬೇಡ. ಎರಡು ಇಂಚು ದಪ್ಪಕ್ಕೆ ಗೊಬ್ಬರ ಹರಡಿಸು. ಕಸಬರಿಗೆಯಿಂದ ಒಂದಿಷ್ಟನ್ನು ಬಿರುಕಿನೊಳಗೆ ಗುಡಿಸು. ಮೇಲೆ ಒಣ ಎಲೆಯೋ ಕಣಕಿಯೋ ತೆಳ್ಳಗೆ ಹಾಸಿ ಬಿಸಿಲಿಗೆ ಮರೆ ಮಾಡು. ಅಳತೆಗೆ ಹೇಳುವುದಾದರೆ ಹತ್ತಡಿ ಉದ್ದ ಹತ್ತಡಿ ಅಗಲದ ಮಡಿಗೆ ಸುಮಾರು 17 ಘನ ಅಡಿ ಬೇಕು. ಒಂದು ಟ್ರೇಲರ್ 100 ಘನ ಅಡಿ ಹಿಡಿದರೆ ಅಂಥ ಆರು ಮಡಿಗೆ ಆದೀತು. ಬಿರುಕಿನ ಹತ್ತಿರ ಮಗುವನ್ನು ಮಾತ್ರ ಆಡಲು ಬಿಡಬೇಡ. ಚೇಳು ತಂಪು ಹುಡುಕಿಕೊಂಡು ಅಲ್ಲೇ ಕೂಡುತ್ತದೆ.

ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಹದ ಕಾಯಿ. ಎರಿಯ ಕೆಲಸದಲ್ಲಿ ಕಠಿಣವಾದದ್ದು ಇದೊಂದೇ. ಹದ ಎರಡು ಮೂರು ದಿನ ಮಾತ್ರ ಇರುತ್ತದೆ, ಮುಂಚೆ ಕೆಸರು, ಆಮೇಲೆ ಕಲ್ಲು. ಒಂದು ಮುಷ್ಟಿ ಮಣ್ಣು ಹಿಡಿದು ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತು. ಒಡೆದು ಉದುರಿದರೆ ಹದ. ಒಡೆಯದೆ ತಗ್ಗು ಬಿದ್ದರೆ, ಹೊಸೆದರೆ ದಾರದಂತೆ ಬಂದರೆ, ಒಳಗೆ ಹೋಗಿ ಚಹಾ ಕುಡಿ. ಹಸಿಯಿದ್ದಾಗ ಗುದ್ದಲಿ ಹಾಕಿದರೆ ಏಳುವ ಹೆಂಟೆ ಆರಿದ ಮೇಲೆ ಸುತ್ತಿಗೆಗೂ ಬಗ್ಗವು. ಮನೆ ಕಟ್ಟುವಾಗ ಲಾರಿ ಓಡಾಡಿ ನೆಲ ಬಿಗಿದಿರುವುದರಿಂದ ಈ ಮೊದಲ ವರುಷ ಒಮ್ಮೆ, ಮೇಲೆ ಹಾಸಿದ ಎಲೆ ಕಣಕಿ ಸರಿಸಿ, ಒಂದು ಗೇಣು ಆಳಕ್ಕೆ ಗೊಬ್ಬರ ಬೆರೆಯುವಂತೆ ಅಗೆಸು. ಸಿಮೆಂಟು, ಸುಣ್ಣದ ಗಚ್ಚು ಸಿಕ್ಕರೆ ಆರಿಸಿ ಒಗೆ. ಮಡಿಯನ್ನು ಅರ್ಧ ಅಡಿ ಎತ್ತರಿಸಿ, ನಡುವಿನ ದಾರಿಯಲ್ಲೇ ನೀರು ಹರಿದುಹೋಗುವಂತೆ ಮಾಡು. ಆಮೇಲೆ ಮಡಿಯ ಮೇಲೆ ಯಾರೂ ಕಾಲಿಡಕೂಡದು, ನಾನು ಬಂದರೂ ಸಹ.

ಮುಂದಿನ ವರುಷದಿಂದ ಅಗೆಯುವುದೂ ಬೇಡ. ಪ್ರತಿ ಬೇಸಿಗೆ, ಬಿರುಕು ಬಿಟ್ಟಾಗ, ಮಿರಗದ ಮಳೆಗೆ ಮುಂಚೆ ಒಂದು ಇಂಚು ಹರಡು. ಉಳಿದದ್ದನ್ನು ಎರಿ ತಾನೇ ಮಾಡಿಕೊಳ್ಳುತ್ತದೆ. ಒಂದೇ ಸಲ ನಾಲ್ಕು ಪಟ್ಟು ಹಾಕಿ ಮುಗಿಸಿಬಿಡೋಣ ಎನ್ನಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ನಮ್ಮ ಬಿಸಿಲಿಗೆ ಗೊಬ್ಬರದ ಸತ್ವ ಬೇಗ ಉರಿದುಹೋಗುತ್ತದೆ, ಇವತ್ತು ಎಷ್ಟು ತುಂಬಿದರೂ ಮೂರು ವರುಷಕ್ಕೆ ಉಳಿಯದು. ಮೇಲಾಗಿ ಅತಿಯಾದರೆ ಉಪ್ಪು, ರಂಜಕ ಮಣ್ಣಿನಲ್ಲಿ ಕೂಡಿಬೀಳುತ್ತವೆ. ಕೋಳಿ ಗೊಬ್ಬರವಂತೂ ಬಲು ತೀಕ್ಷ್ಣ, ಬೇಡ. ಬೂದಿಯೂ ಬೇಡ. ಅಜ್ಜನ ತಿಪ್ಪಿಗೆ ಬೂದಿ ಬೀಳುತ್ತಿತ್ತು ನಿಜ, ಆದರೆ ಎರಿ ಮೊದಲೇ ಕ್ಷಾರದ ಮಣ್ಣು. ಸುಣ್ಣ, ಬೂದಿ ಎಲ್ಲ ಮಲೆನಾಡಿನ, ಕರಾವಳಿಯ ಹುಳಿ ಮಣ್ಣಿಗೆ. ಕ್ಷಾರದಿಂದಾಗಿ ಕಬ್ಬಿಣ, ಸತು ಇಲ್ಲಿ ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ. ದಾಸವಾಳದ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ರೋಗವೆಂದು ಔಷಧಿ ಹೊಡೆಯಬೇಡ, ನನಗೆ ತಿಳಿಸು.

ಜಿಪ್ಸಂ ಹಾಕಿರಿ ಎಂದು ಯಾರಾದರೂ ಹೇಳಿಯಾರು. ಅದು ಸೋಡಿಯಂ ಕೂಡಿದ ಸವಳು ಎರಿಗೆ ಮದ್ದು. ಕಾಲುವೆ ನೀರು ಅತಿಯಾದ ಮಲಪ್ರಭಾ ಕೆಳಗಿನ ಎಷ್ಟೋ ಹೊಲಗಳಿಗೆ ಬೇಕಾಗುತ್ತದೆ. ನಿನ್ನ ಹಿತ್ತಲಿಗೆ ಬೇಕೋ ಬೇಡವೋ ಎಂಬುದು ಮಣ್ಣು ಪರೀಕ್ಷೆ ಮಾಡಿಸದೆ ತಿಳಿಯದು. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ನಿನಗೇನು ದೂರ? ಒಂದು ಪೊಟ್ಟಣ ಮಣ್ಣು ಕಟ್ಟಿಕೊಂಡು ಹೋಗಿ ಬಾ, ಬರುವಾಗ ಪೇಡೆ ತಾ.

ಮೊದಲ ವರುಷ ಗಜ್ಜರಿ ಬಿತ್ತಬೇಡ, ಬಿಗಿ ಮಣ್ಣಿನಲ್ಲಿ ಕವಲೊಡೆದು ಸೊಟ್ಟಗಾಗಿ ನಿನಗೆ ಬೇಜಾರಾದೀತು. ಪುಂಡಿಪಲ್ಲೆ, ಚವಳಿ, ಮುಳಗಾಯಿ, ಮೆಣಸಿನಗಿಡ ಹಾಕು. ಇವು ಎರಿಯನ್ನು ಬಲ್ಲವು. ದಸರೆ ದಾಟಿದ ಮೇಲೆ ಒಂದು ಮಡಿಗೆ ಕಡಲೆ ಚೆಲ್ಲು, ಸುಲಗಾಯಿ ತಿನ್ನಲಾದರೂ ನಾವು ಬರುತ್ತೇವೆ. ಎರಡನೆಯ ವರುಷ ಮೆಂತೆ, ಮೂಲಂಗಿ. ನಾಲ್ಕನೆಯದಕ್ಕೆ ಗಜ್ಜರಿ ನೋಡೋಣ.

ಹಿತ್ತಲಿನ ಉದ್ದ ಅಗಲ ಟೇಪು ಹಿಡಿದು ಅಳೆದು ತಿಳಿಸು, ಅಂದಾಜು ಬೇಡ. ನಮ್ಮ ತಿಪ್ಪಿಯಲ್ಲಿ ಹೋದ ವರುಷದ್ದು ಇನ್ನೂ ಇದೆ. ಪಕ್ಕದ ಮನೆಯವರ ಟ್ರ್ಯಾಕ್ಟರ್ ಹುಬ್ಬಳ್ಳಿ ಎ.ಪಿ.ಎಂ.ಸಿ.ಗೆ ಉಳ್ಳಾಗಡ್ಡಿ ಒಯ್ಯುವುದಿದೆ, ಅದರ ಹಿಂದೆಯೇ ಒಂದು ಖೇಪು ಗೊಬ್ಬರ ಕಳಿಸುತ್ತೇನೆ, ಸಾಲದಿದ್ದಷ್ಟನ್ನು ಮಾತ್ರ ಕೊಳ್ಳು. ಗೊಬ್ಬರ ನನ್ನದು, ಡೀಸೆಲ್ ನಿನ್ನ ಗಂಡನದು. ಆ ಟಿಪ್ಪರಿನವರಿಗೆ ಇವತ್ತೇ ಫೋನು ಮಾಡಿ ಬೇಡವೆಂದು ಹೇಳು. ಮುಂಗಡ ಕೊಟ್ಟಿದ್ದರೆ ವಾಪಸು ಕೇಳಲು ಸಂಕೋಚಪಡಬೇಡ.

ಚಿಗವ್ವ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ, ಅದನ್ನೂ ಟ್ರ್ಯಾಕ್ಟರಿನವನ ಕೈಯಲ್ಲಿ ಕಳಿಸುತ್ತಾಳಂತೆ. ಗೊಬ್ಬರದ ಚೀಲದಿಂದ ದೂರ ಇಡು ಎಂದು ಅವನಿಗೆ ಹತ್ತು ಸಲ ಹೇಳಿದ್ದಾಯಿತು.

ಇಂತಿ ನಿನ್ನ,
ಕಾಕಾ